ದಕ್ಕೆಯ ಗೋಡೆಯ ಅರ್ಧ ಚಿತ್ರ

ಬಸ್ಸಿನಿಂದ ಇಳಿಯುತ್ತಿದ್ದ ತೃಷಾಳ ಕಾಲು ಕೊನೆಯ ಮೆಟ್ಟಿಲಲ್ಲೇ ನಿಂತುಹೋಯಿತು.

ಹಳೆಯ ಹಂಚಿನ ಕಾರ್ಖಾನೆಯ ಗೇಟಿನ ಬಳಿ, ಕೈಯಲ್ಲೊಂದು ಹಾಳೆ ಹಿಡಿದು ನಿಂತಿದ್ದವನು ಅಶ್ವಿತ್.

ಎರಡು ವರ್ಷ... ಈ ಮುಖ ಎದುರಾಗಬಾರದೆಂದು ಎರಡು ವರ್ಷದಿಂದ ಅವಳು ಕೊಟ್ಟಾರದ ದಾರಿಯನ್ನೇ ಬಿಟ್ಟಿದ್ದಳು. ಅವನ ಮನೆ ಇದ್ದದ್ದು ಅಲ್ಲಿ. ಶಕ್ತಿನಗರದ ಮನೆಯಿಂದ ಕಾಲೇಜಿಗೆ ಸುತ್ತುಬಳಸಿ ಹೋಗುತ್ತಿದ್ದಳು.

"ಮೇಡಂ, ಇಳೀತೀರಾ? ಹಿಂದೆ ಎಲ್ಲ ನಿಂತಿದ್ದಾರೆ," ಎಂದ ಬಶೀರ್, ಅವಳ ವಿದ್ಯಾರ್ಥಿ.

ಅವಳು ಇಳಿದಳು. ಬೇರೆ ದಾರಿ ಇರಲಿಲ್ಲ.

ತೃಷಾ ಡಿಸೈನ್ ಕಾಲೇಜೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಎರಡನೇ ವರ್ಷದ ಹದಿನೆಂಟು ಮಕ್ಕಳಿಗೆ ಮಂಗಳೂರಿನ ಹೊಸ ಕಟ್ಟಡಗಳನ್ನೂ ಗೋಡೆಚಿತ್ರಗಳನ್ನೂ ತೋರಿಸುವ ಒಂದು ದಿನದ ಪ್ರವಾಸವಿದು. ಬರಬೇಕಾಗಿದ್ದವರು ಕುಶಲಾ ಮೇಡಂ. ಅವರಿಗೆ ಜ್ವರ ಬಂದದ್ದರಿಂದ ಇವಳ ಪಾಲಿಗೆ ಬಂದಿತ್ತು. ತೋರಿಸುವವನು ಯಾರೆಂದು ಅವಳು ಕೇಳಿರಲಿಲ್ಲ.

ಅಶ್ವಿತ್ ಅವಳನ್ನು ನೋಡಿದ. ಹಾಳೆ ಹಿಡಿದಿದ್ದ ಕೈ ಮೆಲ್ಲನೆ ಕೆಳಗಿಳಿಯಿತು. ಎಷ್ಟು ಸೋತಿದ್ದಾನೆ... ಕಿವಿಯ ಪಕ್ಕದ ಕೂದಲು ನರೆತಿದೆ. ಮೂವತ್ತೆರಡಕ್ಕೇ.

"ಲಿಸ್ಟಲ್ಲಿ ನಿಮ್ಮ ಹೆಸರು ಇರ್ಲಿಲ್ಲ," ಎಂದ.

"ಇದ್ದಿದ್ರೆ ಎಂತ ಮಾಡ್ತಿದ್ರಿ? ಬರ್ತಿರ್ಲಿಲ್ವಾ? ಬರದೆ ಕೂರುವುದು ನಿಮಗೆ ಅಭ್ಯಾಸ ಉಂಟಲ್ಲ."

ಒಂದು ಕಾಲದಲ್ಲಿ ಅವನನ್ನು 'ನೀನು' ಎಂದೇ ಕರೆಯುತ್ತಿದ್ದಳು. ಇಂದು 'ನೀವು' ಎಂದದ್ದು ಗೌರವಕ್ಕಲ್ಲ ಎಂದು ಅವನಿಗೂ ತಿಳಿಯಿತು.

ಅವನು ಮಕ್ಕಳ ಕಡೆ ತಿರುಗಿದ.

*

ಆ ಎರಡು ವರ್ಷದ ಹಿಂದಿನ ಕಥೆ ಇಷ್ಟು.

ತೃಷಾಳಿಗೆ ಒಬ್ಬನೇ ತಮ್ಮ, ಮುಖೇಶ್. ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆಯುವುದೇ ಅವನ ಹುಚ್ಚು. ಅಪ್ಪ ಚನಿಯ ದುಬೈಯಲ್ಲಿ ದುಡಿದು ದುಡಿದು ಅಲ್ಲೇ ತೀರಿಕೊಂಡ ಮೇಲೆ, ಅಮ್ಮ ಮುದ್ದುವಿಗೆ ಈ ಇಬ್ಬರೇ ಲೋಕ.

ಆರ್ಕಿಟೆಕ್ಟ್ ಆಗಿದ್ದ ಅಶ್ವಿತ್ ದಕ್ಕೆಯಲ್ಲಿ, ಮೀನಿನ ಬೋಟುಗಳು ಬಂದು ನಿಲ್ಲುವ ಜಾಗದಲ್ಲಿ, ಒಂದು ಹಳೆಯ ಐಸ್ ಪ್ಲಾಂಟಿನ ಗೋಡೆಯನ್ನು ಮುಖೇಶನಿಗೆ ಕೊಡಿಸಿದ್ದ. ಆ ಹೊತ್ತಿಗೆ ಅವನೂ ತೃಷಾಳೂ ಒಬ್ಬರನ್ನೊಬ್ಬರು ಮೆಚ್ಚಿ ಮೂರು ವರ್ಷವಾಗಿತ್ತು. ಅವನ ತಂದೆ ಮಹಾಬಲ ಮಾತ್ರ, ಜಾತಿ ಬೇರೆ ಎಂದು ಮದುವೆಗೆ ಒಪ್ಪಿರಲಿಲ್ಲ.

"ಇನ್ನೊಂದು ವರ್ಷ ಕಾಯುವಾ," ಎಂದಿದ್ದ ಅಶ್ವಿತ್.

"ಇನ್ನು ನನಗೆ ಫೋನ್ ಮಾಡ್ಬೇಡ," ಎಂದು ಅವಳು ಸಿಟ್ಟಿನಿಂದ ಎದ್ದು ಬಂದಿದ್ದಳು.

ಮರುದಿನವೇ ಮುಖೇಶ್ ಅಟ್ಟಣಿಗೆಯಿಂದ ಬಿದ್ದ. ಮೂರು ಮಾಳಿಗೆಯ ಎತ್ತರ. ಆಸ್ಪತ್ರೆಯ ಚೀಟಿಯಲ್ಲಿ ಹನ್ನೆರಡು ಗಂಟೆ ಐದು ನಿಮಿಷ ಎಂದು ಬರೆದಿತ್ತು. ಅಷ್ಟರಲ್ಲೇ ಎಲ್ಲ ಮುಗಿದಿತ್ತು.

ಅವನ ಸೊಂಟದ ಹಗ್ಗವನ್ನು ಕೆಳಗಿನಿಂದ ಹಿಡಿದಿದ್ದವನು ಅಶ್ವಿತ್. ಹಗ್ಗ ಹಿಡಿಯುವ ಆಳು ಅಂದು ಬಂದಿರಲಿಲ್ಲ. ಮುಖೇಶ್ ಪಕ್ಕಕ್ಕೆ ಸರಿದಾಗ ಹಗ್ಗ ಬಿಚ್ಚಿ ಇನ್ನೊಂದು ಕಂಬಕ್ಕೆ ಕಟ್ಟಬೇಕಿತ್ತು. ಅಶ್ವಿತ್ ಬಿಚ್ಚಿದ್ದ, ಕಟ್ಟಿರಲಿಲ್ಲ. ಐಸ್ ಪ್ಲಾಂಟಿನ ಕಾವಲುಗಾರ ದುಗ್ಗಪ್ಪ ಪೊಲೀಸರ ಮುಂದೆ ಹೇಳಿದ್ದು ಒಂದೇ ಮಾತು: "ಅವರು ಮೊಬೈಲ್ ನೋಡ್ತಾ ಇದ್ರು."

ಠಾಣೆಯ ಅಂಗಳದಲ್ಲಿ ತೃಷಾ ಅವನ ಅಂಗಿ ಹಿಡಿದು ಕೇಳಿದ್ದಳು. "ಯಾರ ಫೋನ್ ಅದು? ಹೇಳು, ಯಾರ ಫೋನ್?"

"ಕೆಲಸದ್ದು," ಎಂದಿದ್ದ ಅಶ್ವಿತ್. ಅಷ್ಟೇ.

ಅವನು ತಪ್ಪು ಒಪ್ಪಿಕೊಂಡ. ಆಫೀಸು ಮುಚ್ಚಿದ. ಬೊಜ್ಜಕ್ಕೆ, ಮುಖೇಶನ ಉತ್ತರಕ್ರಿಯೆಗೆ, ಬರಲಿಲ್ಲ, ಆಮೇಲೂ ಬರಲಿಲ್ಲ. ಯಾವನೋ ಗಿರಾಕಿಯ ಒಂದು ಫೋನಿಗೆ ತನ್ನ ತಮ್ಮನ ಜೀವ ಹೋಯಿತೆಂದು ಅವಳು ಪ್ರತಿ ಬೆಳಿಗ್ಗೆ ನೆನೆದುಕೊಂಡೇ ಏಳುತ್ತಿದ್ದಳು. ಅವನನ್ನು ದ್ವೇಷಿಸುವುದೇ ಅವಳು ತಮ್ಮನಿಗೆ ಸಲ್ಲಿಸುವ ಸೇವೆಯಾಗಿಬಿಟ್ಟಿತ್ತು.

*

ಕಾರ್ಖಾನೆಯ ಒಳಗೆ ಈಗ ಹಂಚು ಸುಡುವುದಿಲ್ಲ. ಸುಡುವ ಗೂಡಿನ ಕಮಾನುಗಳಿಗೆ ಬೆಳಕು ಕೊಟ್ಟು ಚಿತ್ರಶಾಲೆ ಮಾಡಿದ್ದಾರೆ. ಒಂದು ಕೋಣೆಯ ನೆಲದ ತುಂಬ ಒಡೆದ ಹಂಚು. ಅವುಗಳ ನಡುವೆ ಕೆಲಸದವರ ಕೈಯ ಅಚ್ಚುಗಳು.

"ಇಲ್ಲಿ ಹಂಚು ಮಾಡಿದವರ ಹೆಸರು ಎಲ್ಲೂ ಇಲ್ಲ," ಅಶ್ವಿತ್ ಮಕ್ಕಳಿಗೆ ಹೇಳುತ್ತಿದ್ದ. "ಅದಕ್ಕೆ ಇದನ್ನು ಮಾಡಿದ ಕಲಾವಿದೆ, ಬದುಕಿರುವವರನ್ನು ಮನೆಮನೆಗೆ ಹೋಗಿ ಹುಡುಕಿ ಕೈಯಚ್ಚು ತೆಗೆದುಕೊಂಡರು."

ಧ್ವನಿ ಅದೇ. ಮೆದು, ಅವಸರವಿಲ್ಲದ್ದು. ಕೇಳಬಾರದೆಂದರೂ ಕಿವಿ ಕೇಳಿತು. ತೃಷಾಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಅಲ್ಲಿಂದ ಕೊಟ್ಟಾರ. ಹೆದ್ದಾರಿಯ ಪಕ್ಕ ಬರೀ ಕಾಂಕ್ರೀಟು, ಕೆಂಪು ಕಲ್ಲಿನ ಹೊಸ ಕಟ್ಟಡ.

"ಸರ್, ಇದಕ್ಕೆ ಪೇಂಟ್ ಮಾಡ್ಲಿಕ್ಕೆ ಮರ್ತದ್ದಾ?" ಬಶೀರ್ ಕೇಳಿದ. ಎಲ್ಲರೂ ನಕ್ಕರು. ಅಶ್ವಿತ್ ಕೂಡ ನಕ್ಕ. ನಗು ಕಣ್ಣಿನವರೆಗೆ ಹೋಗಲಿಲ್ಲ.

ಜೊತೆಗೆ ಬಂದಿದ್ದ ಹಿರಿಯ ಉಪನ್ಯಾಸಕ ಸೆವರಿನ್ ಸರ್ ತೃಷಾಳ ಪಕ್ಕಕ್ಕೆ ಬಂದರು. ಮುಖೇಶ್ ಬಿದ್ದ ದಿನ ಕಾಲೇಜಿನಿಂದ ಅವಳನ್ನು ಆಸ್ಪತ್ರೆಗೆ ಕರೆದೊಯ್ದವರು ಅವರೇ.

"ಮುಂದಿನದ್ದು ದಕ್ಕೆ. ನಿನಗೆ ಬೇಡ ಅಂತಾದ್ರೆ ರಿಕ್ಷಾ ಮಾಡಿಸ್ತೇನೆ, ಮನೆಗೆ ಹೋಗು."

"ಆ ಗೋಡೆಗೂ ಕರ್ಕೊಂಡು ಹೋಗ್ತಾರಾ?"

"ಪ್ರತಿ ಸಲ ಕೊನೆಗೆ ಅಲ್ಲಿಗೇ ಹೋಗುವುದಂತೆ."

ತೃಷಾಳ ಮೈ ಉರಿಯಿತು. ಕೊಂದವನೇ ಈಗ ಆ ಜಾಗವನ್ನು ತೋರಿಸಿ ಹೆಸರು ಮಾಡುತ್ತಿದ್ದಾನೆ...

"ಬರ್ತೇನೆ ಸರ್. ಅಲ್ಲಿ ನಿಂತು ಎಂತ ಹೇಳ್ತಾನೆ, ನಾನೂ ಕೇಳ್ಬೇಕು."

*

ದಕ್ಕೆಯ ನೆಲ ಮೀನಿನ ನೀರಿಗೆ ಜಾರುತ್ತಿತ್ತು. ಐಸ್ ಪುಡಿ ಮಾಡುವ ಯಂತ್ರದ ಸದ್ದು. ತೃಷಾ ತಲೆ ಎತ್ತಿದಳು.

ಎರಡು ವರ್ಷದಲ್ಲಿ ಮೊದಲ ಸಲ.

ಗೋಡೆಯ ತುಂಬ ಬಲೆ ಹೆಣೆಯುತ್ತ ಕುಳಿತ ಹೆಂಗಸು. ಮುಖವಿದೆ, ಒಂದು ಕೈ ಇದೆ. ಎಡಭುಜದಿಂದ ಆಚೆ ಬರೀ ಸುಣ್ಣ. ಉಪ್ಪುಗಾಳಿಗೆ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿತ್ತು.

"ಇದು ಯಾಕೆ ಸರ್ ಅರ್ಧ?" ಕೇಳಿದವಳು ಚೈತಾಲಿ, ತರಗತಿಯ ಜಾಣ ಹುಡುಗಿ. ಅವಳಿಗೆ ಏನೂ ಗೊತ್ತಿರಲಿಲ್ಲ.

ಅಶ್ವಿತ್ ಒಮ್ಮೆ ತೃಷಾಳತ್ತ ನೋಡಿದ. ನಿಲ್ಲಿಸು ಎಂದರೆ ನಿಲ್ಲಿಸುವವನಂತೆ. ಹೇಳು ಎಂಬಂತೆ ಅವಳು ಗಲ್ಲ ಎತ್ತಿದಳು.

"ಬರೆಯುತ್ತಿದ್ದವನು ಇಲ್ಲಿಂದ ಬಿದ್ದು ತೀರಿಕೊಂಡ," ಎಂದ ಅವನು. "ಹೆಸರು ಮುಖೇಶ್. ಇಪ್ಪತ್ತನಾಲ್ಕು ವರ್ಷ. ಅವನ ಹಗ್ಗ ನನ್ನ ಕೈಯಲ್ಲಿತ್ತು. ನಾನು ಬಿಚ್ಚಿದೆ, ತಿರುಗಿ ಕಟ್ಟುವ ಮೊದಲು ಫೋನ್ ನೋಡಿದೆ. ಕಟ್ಟಿದ್ದೇನೆ ಅಂತ ನಂಬಿ ಅವನು ಬಗ್ಗಿದ."

ಮಕ್ಕಳೆಲ್ಲ ಗೋಡೆಯ ತುದಿಯತ್ತ ನೋಡಿದರು.

"ನಾಳೆ ನೀವು ಕಟ್ಟಡ ಕಟ್ಟಿಸ್ತೀರಿ, ಗೋಡೆ ಬರೆಸ್ತೀರಿ. ಮೇಲೆ ಹತ್ತಿದವನ ಜೀವ ಕೆಳಗೆ ನಿಂತವನ ಕೈಯಲ್ಲಿ ಇರ್ತದೆ. ಅದನ್ನು ಹೇಳ್ಲಿಕ್ಕೇ ಇಲ್ಲಿಗೆ ಕರ್ಕೊಂಡು ಬರುವುದು. ಕೇಸು ಇನ್ನೂ ಮುಗಿದಿಲ್ಲ. ಶಿಕ್ಷೆ ಆದರೆ ಅನುಭವಿಸ್ತೇನೆ."

"ಎಷ್ಟು ಹೊತ್ತಿಗೆ ಸರ್ ಅದು ಆದದ್ದು?" ಬಶೀರ್ ತಗ್ಗಿದ ದನಿಯಲ್ಲಿ ಕೇಳಿದ.

"ಹನ್ನೊಂದು ಇಪ್ಪತ್ತು. ಆಂಬುಲೆನ್ಸ್ ಬರ್ಲಿಕ್ಕೆ ಅರ್ಧ ಗಂಟೆ ಆಯ್ತು."

ಹನ್ನೊಂದು ಇಪ್ಪತ್ತು.

ತೃಷಾಳ ಕಿವಿಯಲ್ಲಿ ಯಂತ್ರದ ಸದ್ದು ದೂರವಾಯಿತು. ಇಷ್ಟು ದಿನ ಮಧ್ಯಾಹ್ನ ಎಂದೇ ಅವಳು ನಂಬಿದ್ದಳು. ಠಾಣೆಯ ಕಾಗದಗಳನ್ನು ಓದುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಎಲ್ಲವನ್ನೂ ಸೋದರಮಾವ ನೋಡಿಕೊಂಡಿದ್ದ.

ಅವತ್ತು ಕಾಲೇಜಿನಲ್ಲಿ ಹನ್ನೊಂದೂಕಾಲಿಗೆ ಬೆಲ್ಲು ಹೊಡೆದಿತ್ತು. ಮಕ್ಕಳೆಲ್ಲ ಕ್ಯಾಂಟೀನಿಗೆ ಇಳಿದ ಮೇಲೆ ಮೆಟ್ಟಿಲ ತಿರುವಿನಲ್ಲಿ ನಿಂತು, ಹಿಂದಿನ ದಿನದ ಸಿಟ್ಟನ್ನೆಲ್ಲ ನುಂಗಿ ಅವಳು ಅಶ್ವಿತ್‌ಗೆ ಒಂದು ಫೋನ್ ಮಾಡಿದ್ದಳು. ರಿಂಗಾಯಿತು, ರಿಂಗಾಯಿತು... ಅವನು ತೆಗೆಯಲಿಲ್ಲ. ಅವನಿಗೆ ಇನ್ನೂ ಕೋಪ ಇಳಿದಿಲ್ಲ ಎಂದುಕೊಂಡಿದ್ದಳು. ಆಮೇಲೆ ಬಂದ ಸುದ್ದಿಯಲ್ಲಿ ಅದು ಮರೆತೇಹೋಗಿತ್ತು.

ಮರೆತಿತ್ತೋ, ಮರೆಸಿಕೊಂಡಿದ್ದಳೋ.

ಅವಳು ಗೋಡೆಗೆ ಕೈಯಾನಿಸಿದಳು. ಸೆವರಿನ್ ಸರ್ ಅವಳ ಮುಖ ನೋಡಿ, ಮಕ್ಕಳನ್ನು ಬೋಟುಗಳ ಕಡೆ ಕರೆದುಕೊಂಡು ಹೋದರು.

*

"ಯಾರ ಫೋನ್ ಅದು?" ಈ ಸಲ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಹೇಳಿದ್ದೇನಲ್ಲ, ಕೆಲಸದ್ದು."

"ಅಶ್ವಿತ್, ನನ್ನ ಮುಖ ನೋಡಿ ಹೇಳು."

ಅವನು ನೋಡಲಿಲ್ಲ.

"ನಂದಲ್ವಾ?"

"ಫೋನ್ ಮಾಡುವುದು ತಪ್ಪಲ್ಲ ತೃಷಾ. ನೋಡಿದ್ದು ತಪ್ಪು. ಕೈಯಲ್ಲಿ ಹಗ್ಗ ಇಟ್ಕೊಂಡು ನಾನು ನಿನ್ನ ಹೆಸರು ನೋಡ್ತಾ ನಿಂತೆ. ತೆಗೆಯುವುದಾ ಬೇಡವಾ, ಅದೊಂದು ಹಠ. ಬಹುಶಃ ಐದು ಸೆಕೆಂಡ್..."

"ಯಾಕೆ ಹೇಳ್ಲಿಲ್ಲ ನೀನು? ಎರಡು ವರ್ಷ ನಾನು ನಿನಗೆ ಶಾಪ ಹಾಕಿದ್ದೇನೆ. ಪ್ರತಿ ದಿನ."

"ಹೇಳಿದ್ರೆ ನೀನು ಬದುಕ್ತಿದ್ಯಾ? ಅಮ್ಮನಿಗೆ ಆಮೇಲೆ ಯಾರಿದ್ದರು? ನನಗೆ ಬೈದರೆ ನಿನಗೆ ಏಳ್ಲಿಕ್ಕಾದ್ರೂ ಆಗ್ತದೆ ಅಂತ... ಬೊಜ್ಜದ ದಿನ ನಿಮ್ಮ ಗೇಟಿನ ತನಕ ಬಂದಿದ್ದೆ. ಒಳಗೆ ಬಂದರೆ ಬಾಯಿ ಬಿಡ್ತೇನೆ ಅಂತ ಹೆದರಿಕೆ ಆಯ್ತು. ಹಿಂದೆ ಹೋದೆ."

ಅವಳು ಅಲ್ಲೇ, ಒದ್ದೆ ಕಟ್ಟೆಯ ಮೇಲೆ ಕುಸಿದು ಕುಳಿತಳು. ಇಷ್ಟು ದಿನ ಬಾರದ ಅಳು ಬಂತು. ತಮ್ಮನಿಗಾಗಿ, ಆ ಐದು ಸೆಕೆಂಡಿಗಾಗಿ, ಒಬ್ಬನೇ ನಿಂತು ನರೆತುಹೋದ ಇವನಿಗಾಗಿ. ಅವನು ಪಕ್ಕದಲ್ಲಿ ಕುಳಿತ. ಮುಟ್ಟಲಿಲ್ಲ.

ಅಳು ತಗ್ಗಿದ ಮೇಲೆ ಕೇಳಿದ. "ಅವತ್ತು ಎಂತ ಹೇಳ್ಲಿಕ್ಕೆ ಫೋನ್ ಮಾಡಿದ್ದು?"

"ಜಗಳ ಸಾಕು, ಸಂಜೆ ಮನೆಗೆ ಬಾ ಅಂತ." ಅವಳು ಮುಖ ಒರೆಸಿಕೊಂಡಳು. "ಅಮ್ಮನಿಗೆ ಹೇಳ್ಬೇಕು."

"ಬೇಡ. ಅವರು ನನ್ನೊಬ್ಬನನ್ನು ದೂರಿದ್ರೆ ಸಾಕು."

"ಸಾಕಾಯ್ತು ನೀನೊಬ್ಬನೇ ಹೊತ್ತದ್ದು. ಏಳು."

*

ಮಕ್ಕಳನ್ನು ಸೆವರಿನ್ ಸರ್‌ಗೆ ಒಪ್ಪಿಸಿ ಇಬ್ಬರೂ ಹೊರಟರು. ಶಕ್ತಿನಗರದ ಮನೆಯ ಜಗಲಿಯಲ್ಲಿ ಮುದ್ದು ಬೀಡಿ ಎಲೆ ಕತ್ತರಿಸುತ್ತ ಕುಳಿತಿದ್ದಳು. ಮಗಳ ಹಿಂದೆ ಬಂದವನನ್ನು ನೋಡಿ ಕತ್ತರಿ ನಿಂತಿತು.

ತೃಷಾ ಅಮ್ಮನ ಕಾಲ ಬಳಿ ಕುಳಿತು ಎಲ್ಲ ಹೇಳಿದಳು. ಜಗಳ, ಮೆಟ್ಟಿಲು, ಫೋನು. ಒಂದನ್ನೂ ಬಿಡಲಿಲ್ಲ. ಅಶ್ವಿತ್ ಅಂಗಳದ ಬಿಸಿಲಲ್ಲೇ ನಿಂತಿದ್ದ.

ಮುದ್ದು ಅಳಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟು, ಅವನನ್ನೇ ನೋಡುತ್ತ ಕೂತಳು. ಆಮೇಲೆ ಯಾರೂ ಎಣಿಸದ ಒಂದು ಮಾತು ಕೇಳಿದಳು.

"ಅವತ್ತು ಅವನು ಬೆಳಿಗ್ಗೆ ಎಂತಾದ್ರೂ ತಿಂದಿದ್ನಾ?"

ಅಶ್ವಿತ್‌ಗೆ ಅರ್ಥವಾಗಲಿಲ್ಲ.

"ದೋಸೆ ತಡ ಆಯ್ತು ಅಂತ ಕೋಪದಲ್ಲಿ ಹೋದದ್ದು ಮಾರಾಯ. ಖಾಲಿ ಹೊಟ್ಟೆ. ತಲೆ ತಿರುಗಿಯೇ ಬಿದ್ದನೋ, ನಾನು ಬೇಗ ಏಳ್ಬೇಕಿತ್ತೋ ಅಂತ... ಯಾರ ಹತ್ರ ಕೇಳುವುದು? ಗೊತ್ತಿದ್ದವನು ನೀನೊಬ್ಬನೇ. ನೀನು ಬರ್ಲೇ ಇಲ್ಲ."

ಅಶ್ವಿತ್ ಎರಡು ಹೆಜ್ಜೆ ಮುಂದೆ ಬಂದು ಮೆಟ್ಟಿಲ ಮೇಲೆ ಕುಳಿತ. ಅವನ ಕಣ್ಣು ತುಂಬಿತ್ತು.

"ತಿಂದಿದ್ದ ಅಮ್ಮ. ದಕ್ಕೆಯ ಹೊಟೇಲಲ್ಲಿ. ಎರಡು ಬನ್ಸ್ ತಿಂದು, ನನ್ನ ಪ್ಲೇಟಿನದ್ದನ್ನೂ ಅರ್ಧ ತೆಗ್ದ. ಚಾ ಕುಡಿದ. ನಗ್ತಾ ಇದ್ದ. ತಲೆ ತಿರುಗಿದ್ದಲ್ಲ. ನಿಮ್ಮದು ಎಂತದ್ದೂ ತಪ್ಪಿಲ್ಲ."

ಮುದ್ದು ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಹೆಗಲು ಅಲುಗಿತು. ತೃಷಾ ಅಮ್ಮನನ್ನು ಅಪ್ಪಿ ಹಿಡಿದಳು. ಈ ಮನೆಯಲ್ಲಿ ತಾನೊಬ್ಬಳೇ ಉರಿಯುತ್ತಿದ್ದೇನೆ ಎಂದುಕೊಂಡಿದ್ದಳಲ್ಲ... ಅಮ್ಮ ಒಲೆಯ ಮುಂದೆ ನಿಂತು ದಿನವೂ ಏನು ಲೆಕ್ಕ ಹಾಕುತ್ತಿದ್ದಳೆಂದು ಒಮ್ಮೆಯೂ ಕೇಳಿರಲಿಲ್ಲ.

"ನಿನ್ನನ್ನು ಕ್ಷಮಿಸ್ಲಿಕ್ಕೆ ನನ್ನಿಂದ ಆಗ್ತದಾ ಗೊತ್ತಿಲ್ಲ," ಮುದ್ದು ಕೊನೆಗೆ ಹೇಳಿದಳು. "ಬಿಸಿಲಲ್ಲಿ ಕೂರ್ಬೇಡ. ಒಳಗೆ ಬಾ. ಅವನು ಇನ್ನೆಂತೆಲ್ಲ ಹೇಳ್ತಿದ್ದ, ಹೇಳು."

ಅಶ್ವಿತ್ ಹೇಳಿದ. ಮುದ್ದು ಕೇಳಿದಳು. ಮಧ್ಯೆ ಒಮ್ಮೆ ಎದ್ದು ಒಳಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಬಹಳ ಹೊತ್ತು ಬರಲಿಲ್ಲ. ಮತ್ತೆ ಬಂದು ಕೂತಳು.

ಅವನು ಹೊರಟಾಗ ಬಿಸಿಲು ಇಳಿದಿತ್ತು. ತೃಷಾ ಗೇಟಿನವರೆಗೆ ಬಂದಳು.

"ಅಪ್ಪ ಈಗಲೂ ಒಪ್ಪುವುದಿಲ್ಲ," ಎಂದ ಅವನು. "ಕೇಸಲ್ಲಿ ಎಂತ ಆಗ್ತದೋ ಗೊತ್ತಿಲ್ಲ. ಜೈಲಾದ್ರೂ ಆಗ್ಬಹುದು. ನಿನಗೆ ಕೊಡ್ಲಿಕ್ಕೆ ನನ್ನತ್ರ ಎಂತದ್ದೂ ಇಲ್ಲ ತೃಷಾ."

"ಕೇಳಿದೆನಾ ನಾನು?"

"ದ್ವೇಷ ಪೂರ್ತಿ ಹೋಯ್ತಾ?"

ಅವಳು ಯೋಚಿಸಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ಲ. ಸ್ವಲ್ಪ ಉಂಟು. ನನ್ನ ಮೇಲೂ ಉಂಟು. ಆದ್ರೆ ನಿನ್ನನ್ನು ನೋಡದೆ ಇರ್ಲಿಕ್ಕೆ ಇನ್ನು ನನ್ನಿಂದ ಆಗುವುದಿಲ್ಲ."

ಅಶ್ವಿತ್ ಗೇಟಿನ ಸರಳನ್ನು ಹಿಡಿದು ನಿಂತ. ಅವಳು ಅವನ ಕೈಯ ಮೇಲೆ ತನ್ನ ಕೈಯಿಟ್ಟಳು.

"ನನ್ನಿಂದಲೂ ಆಗ್ಲಿಲ್ಲ," ಎಂದ. "ಒಂದು ದಿನವೂ ಆಗ್ಲಿಲ್ಲ."

"ನಾಳೆ ಬಾ."

"ಅಮ್ಮ ಬೈದರೆ?"

"ಬೈತಾಳೆ. ಅಳ್ತಾಳೆ. ನಾನೂ ಅಳ್ತೇನೆ. ಆದ್ರೂ ಬಾ."

"ಬರ್ತೇನೆ," ಎಂದ ಅಶ್ವಿತ್.