ಎರಡನೇ ಸಲದ ಓದು

ಬುಧವಾರ ಬೆಳಗ್ಗೆ ಹತ್ತೂವರೆಯಾದರೂ ಗೆದಲ್ಯಾ ಮೆಟ್ಟಿಲು ಹತ್ತಿ ಬರಲಿಲ್ಲ. ಹದಸ್ಸಾ ಬಾಲ್ಕನಿಯಿಂದ ಬಗ್ಗಿ ನೋಡಿದಳು. ಮಹಾರಾಯ ಓಣಿಯ ಆಚೆ ಬದಿಯ ಮೋಟು ಗೋಡೆಯ ಹತ್ತಿರ, ಸುಡು ಬಿಸಿಲಲ್ಲಿ ನಿಂತಿದ್ದ.

"ಏನ್ರೀ ಕನ್ನಡಕದವ್ರೇ, ಮನೆ ಮರೆತುಹೋಯ್ತಾ?"

"ಮನೆ ನೆನಪಿದೆ. ಇವತ್ತು ನೀವೇ ಪುಸ್ತಕ ತಗೊಂಡು ಕೆಳಗೆ ಬನ್ನಿ."

"ಮರದ ಕೆಳಗಾದ್ರೂ ನಿಂತ್ಕೊಳ್ಳಿ, ತಲೆ ಕಾದುಹೋಗುತ್ತೆ!"

"ಆ ನೆರಳು ನನಗಲ್ಲ," ಎಂದು ಅವನು ನಕ್ಕ.

ಅವಳೂ ನಕ್ಕಳು. ಇವನ ಮಾತೇ ಹೀಗೆ.

ಪೇಟೆಯಲ್ಲಿ ಗೆದಲ್ಯಾನ ಕನ್ನಡಕದ ಅಂಗಡಿ ಇತ್ತು. ಹೋದ ಶರತ್ಕಾಲದಲ್ಲಿ ಅವಳ ಅಪ್ಪ ಶಬ್ತಾಯ್ ಮೇಷ್ಟ್ರಿಗೆ ಮೂರು ಸಲ ಗಾಜು ಬದಲಿಸಿ ಕೊಟ್ಟು, ಕೊನೆಗೆ ಕೈಚೆಲ್ಲಿದ್ದ. "ಮೇಷ್ಟ್ರೇ, ಇನ್ನು ಗಾಜಿನಿಂದ ಆಗಲ್ಲ. ವಾರಕ್ಕೊಂದು ದಿನ ನಾನೇ ಬಂದು ಓದ್ತೀನಿ." ಯೆಹೂದಿಗಳು ವಾರಕ್ಕೊಂದು ಭಾಗದಂತೆ ಓದುವ ಧರ್ಮಗ್ರಂಥ ತೋರಾದ ಮೊದಲ ಅಧ್ಯಾಯ, ಲೋಕ ಹುಟ್ಟಿದ ಕಥೆ, ಆ ವಾರವೇ ಶುರುವಾಗಿತ್ತು. ಅಂದಿನಿಂದ ಪ್ರತಿ ಬುಧವಾರ ಆ ವಾರದ ಭಾಗ. ಮೂಲವನ್ನು ಹದಸ್ಸಾ ಎರಡು ಸಲ ಓದಬೇಕು. ಕೆಳಗಿನ ಸಣ್ಣಕ್ಷರದ ವ್ಯಾಖ್ಯಾನವನ್ನು ಅವನು ಒಂದು ಸಲ ಓದಬೇಕು. ಆಮೇಲೆ ಅಪ್ಪ ಕಣ್ಣು ಮುಚ್ಚಿಕೊಂಡು ಅದೇ ಪ್ರಶ್ನೆ ಕೇಳುತ್ತಿದ್ದರು: "ವ್ಯಾಖ್ಯಾನಕಾರರಿಗೆ ಇಲ್ಲಿ ಏನು ಕಾಟ? ಕಾಟ ಇಲ್ಲದೆ ಅವರು ಬಾಯಿ ಬಿಡೋರಲ್ಲ."

ಓದಿನ ಮಧ್ಯೆ ಗೆದಲ್ಯಾ ಒಮ್ಮೆ ಅಂಗೈ ಚಾಚುತ್ತಿದ್ದ. "ಕೊಡಿ, ನಿಮ್ಮ ಕನ್ನಡಕ ಓರೆಯಾಗಿದೆ." ಅವಳು ಬೆರಳು ತಾಗದಂತೆ ಅದನ್ನು ಅವನ ಕೈಗಿಡುತ್ತಿದ್ದಳು. ಅವನು ಕಡ್ಡಿ ನೆಟ್ಟಗೆ ಮಾಡಿ, ಅಂಗಿಯ ತುದಿಯಲ್ಲಿ ಗಾಜು ಒರೆಸಿ, ಪುಟದ ಮೇಲಿಡುತ್ತಿದ್ದ. ಅವಳು ಹಾಕಿಕೊಂಡ ಮೇಲೆ ಸರಿಯಾಯಿತೇ ಎಂದು ನೋಡುತ್ತಿದ್ದ. ಅಷ್ಟು ಹೊತ್ತು ನೋಡುವ ಅಗತ್ಯ ಇರಲಿಲ್ಲ. ಹಾಗೆ ನೋಡಿದರೆ, ಅಷ್ಟು ಸಲ ಓರೆಯಾಗುವ ಅಗತ್ಯವೂ ಆ ಕನ್ನಡಕಕ್ಕೆ ಇರಲಿಲ್ಲ. ಪ್ರತಿ ಮಂಗಳವಾರ ಸಂಜೆ ಪಾತ್ರೆ ತೊಳೆದಾದ ಮೇಲೆ ಹದಸ್ಸಾಳೇ ಅದರ ಕಡ್ಡಿಯನ್ನು ಚೂರು ಬಗ್ಗಿಸಿಡುತ್ತಿದ್ದಳು. ಅವನು ಬಾಯಿ ಬಿಟ್ಟು ಕೇಳಲಿ ಎಂದು ಏಳು ತಿಂಗಳು ಕಾದಿದ್ದಳು.

ಇವತ್ತೂ ಅದು ಬಗ್ಗಿಯೇ ಇತ್ತು. ಅವಳು ತಲೆವಸ್ತ್ರ ಸರಿಮಾಡಿಕೊಂಡು, ಪುಸ್ತಕ ಮತ್ತು ಟೀ ಲೋಟ ಹಿಡಿದು ಇಳಿದಳು. ಗೇಟಿಗೆ ಕಪ್ಪು ಅಂಚಿನ ಕಾಗದ ಅಂಟಿಸಿದ್ದರು. ಮೂರನೇ ಮಹಡಿಯ ಫ್ರೂಮಾ ಅಜ್ಜಿ ಮುಂಜಾನೆ ತೀರಿಕೊಂಡಿದ್ದರು. ಮಧ್ಯಾಹ್ನ ಮಣ್ಣು.

"ಅಜ್ಜಿ ಇನ್ನೂ ಮೇಲೇ ಇದ್ದಾರಲ್ಲ," ಎಂದ ಗೆದಲ್ಯಾ. "ಹೆಣ ಇರೋ ಕಟ್ಟಡದೊಳಗೆ ನಾನು ಬರೋ ಹಾಗಿಲ್ಲ. ಮರದ ಕೊಂಬೆ ನಿಮ್ಮ ಸೂರಿಗೆ ತಾಗಿದೆ, ಅದರಡಿಯೂ ನಿಲ್ಲೋ ಹಾಗಿಲ್ಲ. ನಾವು ಯಾಜಕರ ಮನೆತನ."

ಲೋಟದ ಟೀ ತುಳುಕಿ ಅವಳ ಬೆರಳು ಸುಟ್ಟಿತು.

"ನೀವು... ಯಾವತ್ತೂ ಹೇಳಲೇ ಇಲ್ಲ."

"ನೀವು ಕೇಳಲೇ ಇಲ್ಲ."

ನಿಜ. ಒಂದೊಂದು ಸಾಲಿಗೂ ಯಾಕೆ ಎಂದು ಕೇಳುವ ಅಪ್ಪ ಕೂಡ ಇವನು ಯಾರ ಮಗ ಎಂದು ಕೇಳಿರಲಿಲ್ಲ.

ಮೇಲೆ ಕುರ್ಚಿ ಎಳೆದ ಸದ್ದಾಯಿತು. "ಎಲ್ಲಿದ್ದೀರಿ ಇಬ್ಬರೂ?"

"ಎದುರಿಗೇ ಗೋಡೆ ಮೇಲೆ ಕೂರ್ತೀವಿ ಅಪ್ಪಾ. ಇವತ್ತು ಹೊರಗೇ ಓದೋಣ."

"ಓದಿ, ಓದಿ. ಗಟ್ಟಿಯಾಗಿ. ಕಣ್ಣು ಹೋಗಿದೆ, ಕಿವಿ ಇದೆ."

ಇಬ್ಬರ ನಡುವೆ ಪುಸ್ತಕ ಇಟ್ಟುಕೊಂಡು ಕೂತರು. ಗೆದಲ್ಯಾ ದನಿ ತಗ್ಗಿಸಿದ. "ಓದೋಕೆ ಮುಂಚೆ ಒಂದು ಮಾತು. ಈ ವಾರದ ಭಾಗ ಬರಲಿ ಅಂತಲೇ ಕಾಯ್ತಿದ್ದೆ. ಯಾಜಕರು ಯಾರನ್ನ ಮದುವೆ ಆಗಬಹುದು, ಯಾರನ್ನ ಆಗಬಾರದು ಅಂತ ಇರೋದು ಇದರಲ್ಲೇ. ಮಹಾಯಾಜಕ ವಿಧವೆಯನ್ನ ಮದುವೆ ಆಗೋ ಹಾಗಿಲ್ಲ. ಆದರೆ ಹದಸ್ಸಾ, ನಾನು ಮಹಾಯಾಜಕ ಅಲ್ಲವಲ್ಲ. ಬರೀ ಕನ್ನಡಕದವನು."

ಅವನ ಕಿವಿ ಕೆಂಪಾಗಿತ್ತು. ಹೇಳುವುದನ್ನು ಕನ್ನಡಿ ಮುಂದೆ ನಿಂತು ಹತ್ತು ಸಲ ಅಭ್ಯಾಸ ಮಾಡಿದವನಂತಿದ್ದ.

"ವಿಧವೆ ಅಂತ ನಿಮಗೆ ಯಾರು ಹೇಳಿದ್ರು?"

"ಯಾರು ಹೇಳಬೇಕು? ಮದುವೆಯಾದವರು ಹಾಕೋ ತಲೆವಸ್ತ್ರ ಇದೆ, ಮನೇಲಿ ಗಂಡ ಕಾಣಲ್ಲ. ಚಳಿಗಾಲದಲ್ಲಿ ಕಪಾಟಿನ ಮೇಲೆ ಸತ್ತವರ ನೆನಪಿನ ದೀಪ ಉರೀತಿತ್ತು..."

"ಅದು ಅಮ್ಮನ ದೀಪ."

ಇಷ್ಟಕ್ಕೇ ಅವನಿಗೆ ಅರ್ಥವಾಗಬಹುದಿತ್ತು. ಆಗಲಿಲ್ಲ. ಅವನು ನಗುತ್ತಲೇ ಅಂಗೈ ಚಾಚಿದ. "ಕೊಡಿ, ಮತ್ತೆ ಓರೆಯಾಗಿದೆ." ಅವಳು ಕನ್ನಡಕ ಕೊಟ್ಟಳು. ಕಡ್ಡಿ ನೆಟ್ಟಗಾಗಿ, ಗಾಜು ಒರೆಸಿಕೊಂಡು ಅದು ಪುಟದ ಮೇಲೆ ಬಂತು.

"ಶುರುಮಾಡು ಹದಸ್ಸಾ!" ಎಂದರು ಅಪ್ಪ.

ಅವಳು ಅದನ್ನು ಹಾಕಿಕೊಳ್ಳದೆಯೇ, ಪುಟಕ್ಕೆ ಬಗ್ಗಿ ಓದಿದಳು. ಯಾಜಕರು ಹೆಣದ ಹತ್ತಿರ ಸುಳಿಯಬಾರದೆಂಬ ಸಾಲುಗಳು ಮುಗಿದವು. ಅವನು ವ್ಯಾಖ್ಯಾನ ಓದಿದ, ಅಪ್ಪ ಕಾಟ ಕೇಳಿದರು, ಉತ್ತರವನ್ನೂ ತಾವೇ ಹೇಳಿ ಖುಷಿಪಟ್ಟರು. ಆಮೇಲೆ ಆ ಸಾಲು ಬಂತು. ಗಂಡನಿಂದ ಬಿಡುಗಡೆಯಾದವಳನ್ನು ಯಾಜಕರು ವರಿಸಬಾರದು. ಅದರ ಅರ್ಧಕ್ಕೆ ಬಂದಾಗ ಅವಳ ದನಿ ಒಡೆಯಿತು. ಹೇಗೋ ದಡ ಸೇರಿಸಿದಳು.

ಗೆದಲ್ಯಾ ಪುಟ ನೋಡಿದ. ಅವಳನ್ನು ನೋಡಿದ. ಮುಖದ ನಗು ಇಳಿಯಲು ತುಂಬ ಹೊತ್ತು ತೆಗೆದುಕೊಂಡಿತು.

"ಹನ್ನೊಂದು ವರ್ಷ ಆಯ್ತು," ಎಂದಳು ಮೆಲ್ಲಗೆ. "ಗಂಡ ಹನ್ನೆರಡು ಸಾಲಿನ ಬಿಡುಗಡೆ ಪತ್ರ ಕೊಟ್ಟು ಹೋದ. ಎಲ್ಲಿದ್ದಾನೋ, ಚೆನ್ನಾಗಿಯೇ ಇರಬೇಕು. ವಸ್ತ್ರ ತೆಗೆಯೋಕೆ ನನಗೆ ಮನಸ್ಸಾಗಲಿಲ್ಲ, ಅಷ್ಟೇ."

ಹೆಣ ಒಯ್ಯುವ ಕಪ್ಪು ವ್ಯಾನೊಂದು ಬಂದು ಗೇಟಿನ ಮುಂದೆ ನಿಂತಿತು. ಇಬ್ಬರೂ ಅದನ್ನು ನೋಡಲಿಲ್ಲ.

"ಸೈಪ್ರಸ್‌ಗೆ ಹೋಗೋಣ," ಎಂದ ಅವನು. "ವಿಮಾನದಲ್ಲಿ ಒಂದು ಗಂಟೆ. ಅಲ್ಲಿ ಯಾಜಕ, ಬಿಡುಗಡೆ ಅಂತ ಏನೂ ಕೇಳದೆ ಕಚೇರೀಲೇ ಮದುವೆ ಮಾಡ್ಸಿ ಚೀಟಿ ಕೊಡ್ತಾರೆ. ಎಷ್ಟೋ ಜನ ಹೋಗ್ತಾರೆ."

ಏಳು ತಿಂಗಳು ಕಾದ ಮಾತು ಎಣಿಸಿದ್ದಕ್ಕಿಂತ ದೊಡ್ಡದಾಗಿಯೇ ಬಂದಿತ್ತು. ಹದಸ್ಸಾಗೆ ಹೂಂ ಎನ್ನಲು ಒಂದು ಉಸಿರು ಸಾಕಿತ್ತು.

"ಬೆಳಗ್ಗೆ ಪ್ರಾರ್ಥನೇಲಿ ಶಾಲು ಮುಸುಕು ಹಾಕ್ಕೊಂಡು ಜನರನ್ನ ಹರಸ್ತೀರಲ್ಲ," ಎಂದಳು. "ನನ್ನಂಥವಳನ್ನ ಮದುವೆಯಾದ ಯಾಜಕ ಹರಸೋ ಹಾಗಿಲ್ಲ. ಆಮೇಲೆ ಎಲ್ಲಿ ನಿಲ್ತೀರಿ?"

"ಹಿಂದಿನ ಸಾಲಲ್ಲಿ. ಏನೀಗ?" ಎಂದ. ಆಮೇಲೆ ಕಣ್ಣು ತಪ್ಪಿಸಿ, "ಅದು ಅಪ್ಪನ ಶಾಲು. ಏಳು ವರ್ಷದವನಿದ್ದಾಗ ಅದರೊಳಗೆ ನಿಲ್ಲಿಸ್ಕೊಂಡು ಹರಸುವಾಗ ಬೆರಳು ಹೇಗೆ ಹಿಡೀಬೇಕು ಅಂತ ತೋರಿಸಿದ್ರು," ಎಂದ. "ಅದನ್ನ ಅಣ್ಣನ ಮಗನಿಗೆ ಕೊಟ್ಟುಬಿಡ್ತೀನಿ."

ಕೊಟ್ಟೇಬಿಡುವವನು. ಅದರಲ್ಲಿ ಅವಳಿಗೆ ಅನುಮಾನ ಇರಲಿಲ್ಲ. ಆದರೆ ಹಾಗೆನ್ನುವಾಗ ಮೊಣಕಾಲ ಮೇಲಿದ್ದ ಅವನ ಬಲಗೈ ತನ್ನ ಪಾಡಿಗೆ ತಾನು ಬಿಚ್ಚಿಕೊಂಡಿತ್ತು. ಎರಡು ಬೆರಳು ಈ ಕಡೆ, ಎರಡು ಬೆರಳು ಆ ಕಡೆ, ನಡುವೆ ಕಿಂಡಿ. ಅವನಿಗೆ ಅದರ ಅರಿವೇ ಇರಲಿಲ್ಲ.

ಹದಸ್ಸಾ ಆ ಕೈಯನ್ನು ನೋಡುತ್ತ ಕೂತಳು. ಒಂದೇ ಒಂದು ಸಲ ಅದನ್ನು ಹಿಡಿದುಕೊಳ್ಳಬೇಕೆನಿಸಿತು.

"ಏನು ನಿದ್ದೆ ಹೋದ್ರಾ?" ಮೇಲಿಂದ ಅಪ್ಪ ಕೂಗಿದರು. "ಹದಸ್ಸಾ, ಆ ಸಾಲನ್ನ ಒಂದೇ ಸಲ ಓದಿದೆ. ಎರಡು ಸಲ ಓದಬೇಕು."

"ಬೇಡ," ಎಂದ ಗೆದಲ್ಯಾ ಪಿಸುದನಿಯಲ್ಲಿ. "ಇವತ್ತು ಬೇಡ ಹದಸ್ಸಾ."

ಅವಳು ಕನ್ನಡಕ ಹಾಕಿಕೊಂಡಳು. ಚೆನ್ನಾಗಿ ಕೂತಿತು. ಒಂದೊಂದು ಅಕ್ಷರವೂ ನಿಚ್ಚಳವಾಗಿ ಕಂಡಿತು. ಆ ಸಾಲನ್ನು ಮೊದಲಿನಿಂದ ಕೊನೆಯವರೆಗೆ, ಎಲ್ಲೂ ಎಡವದೆ, ಓಣಿಗೆಲ್ಲ ಕೇಳುವಂತೆ ಓದಿದಳು. ಓದಿ ಅವನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಅವನಿಗೆ ಉತ್ತರ ಸಿಕ್ಕಿತ್ತು.

"ಈಗ ವ್ಯಾಖ್ಯಾನ ಓದಪ್ಪ. ಬಿಡುಗಡೆಯಾದವಳು ಅನ್ನೋ ಮಾತಿಗೆ ಏನು ಬರೆದಿದ್ದಾರೆ?"

ಗೆದಲ್ಯಾನ ಬೆರಳು ಸಣ್ಣಕ್ಷರಗಳ ಮೇಲೆ ಇಳಿಯುತ್ತ ಹೋಯಿತು. ಹಿಂದಿನ ಮಾತಿಗೆ ವಿವರಣೆ ಇತ್ತು. ಮುಂದಿನದಕ್ಕೂ ಇತ್ತು. ಅವನು ಇನ್ನೊಮ್ಮೆ ಹುಡುಕಿದ.

"ಏನೂ ಬರೆದಿಲ್ಲ ಮೇಷ್ಟ್ರೇ."

"ಸರಿಯೇ ಮತ್ತೆ. ಮಾತು ತಾನೇ ತಿಳಿಯುವಂತಿದ್ರೆ ಅವರು ಸುಮ್ಮನೆ ಮುಂದೆ ಹೋಗ್ತಾರೆ..." ಅಪ್ಪನ ದನಿ ಅಲ್ಲಿಗೇ ನಿಂತಿತು. ಕಟ್ಟಡದೊಳಗಿಂದ ಜನ ಅಜ್ಜಿಯ ಹೆಣ ಹೊತ್ತು ಮೆಲ್ಲಗೆ ಮೆಟ್ಟಿಲಿಳಿಯುವ ಸದ್ದು ಬಂತು. "ಗೆದಲ್ಯಾ," ಎಂದರು ಮೇಷ್ಟ್ರು, "ನೀನು ಇವತ್ತು ಮೇಲೆ ಯಾಕೆ ಬರಲಿಲ್ಲ?"

ಗೆದಲ್ಯಾ ಸಣ್ಣಕ್ಷರಗಳ ಮೇಲಿಂದ ಬೆರಳು ತೆಗೆದ. ಪುಸ್ತಕವನ್ನು ಎರಡೂ ಕೈಯಿಂದ ಅವಳ ಕಡೆ ಸರಿಸಿದ. ಎದ್ದು ನಿಂತ. ವ್ಯಾನಿನಿಂದ ದೂರವಾಗಿ, ಗೋಡೆಯ ಅಂಚು ಹಿಡಿದು, ಬಿಸಿಲಿದ್ದ ಕಡೆಯೇ ನಡೆದು ಹೋದ.

ಬಾಲ್ಕನಿಯಲ್ಲಿ ಅಪ್ಪ ಕಂಬಿ ತಡವಿ ಹಿಡಿದುಕೊಂಡರು. ಓದಿನ ಹೊತ್ತಲ್ಲಿ ಅವಳನ್ನು ಹೆಸರು ಹಿಡಿದೇ ಕರೆಯುವವರು, ಕೊನೆಗೆ, "ಮುಂದೆ ಓದು ಮಗಳೇ," ಎಂದರು. "ವ್ಯಾಖ್ಯಾನ ಇಲ್ಲದಿದ್ರೂ ಪರವಾಗಿಲ್ಲ. ನಿಧಾನಕ್ಕೆ ಓದು."

ಅವಳು ಮುಂದಿನ ಸಾಲು ಓದಿದಳು. ಆಮೇಲೆ, ಓದಬೇಕಾದಂತೆ, ಅದನ್ನೇ ಇನ್ನೊಂದು ಸಲ.