ನೀಲಿ ದೋಣಿಯ ಎಡಕ್ಕೆ

"ಮಗು, ನಮ್ಮ ಜೊತೆ ಯಾರೂ ಬರಲ್ವಾ?" ಟೋಪಿ ಹಾಕಿಕೊಂಡಿದ್ದ ಹೆಂಗಸು ಕೇಳಿದರು.

"ಯಾರೂ ಬೇಡ ಆಂಟಿ. ಒಂದರಿಂದ ಏಳರವರೆಗೆ ನಂಬರ್ ಇದೆ. ಓದ್ಕೊಂಡು ನಡೀತಾ ಹೋಗಿ, ಹಳೇ ಬಂದರು ಪೂರ್ತಿ ನೋಡಬಹುದು," ಎಂದು ಇರುವೆ ಹದಿನೆಂಟನೆಯ ಚೀಟಿಯನ್ನು ಅವರ ಕೈಗಿತ್ತಳು.

ಒಂದು ಕಡೆ ನಿಲ್ಲದೆ ಸರಸರ ಓಡಾಡುತ್ತಿದ್ದುದರಿಂದ ಊರೆಲ್ಲ ಅವಳನ್ನು ಇರುವೆ ಎಂದೇ ಕರೆಯುತ್ತಿತ್ತು. ಇವತ್ತು ಮಾತ್ರ ಗಡಿಯಾರದ ಗೋಪುರದ ಕೆಳಗೆ ಒಂದು ಗಂಟೆ ಹೊತ್ತಿನಿಂದ ನಿಂತೇ ಇದ್ದಳು. ಊರು ನೋಡಲು ಬಂದವರಿಗೆ ದಾರಿ ತೋರಿಸಲೆಂದು ಐದನೇ ಕ್ಲಾಸಿನ ಮಕ್ಕಳೇ ಮಾಡಿದ ಚೀಟಿ ಅದು. ಸುಂಕದ ಮನೆ, ಉಪ್ಪಿನ ಉಗ್ರಾಣ, ನಾವಿಕರ ಬಾವಿ ಎಂದು ಒಬ್ಬೊಬ್ಬರಿಗೆ ಒಂದೊಂದು ಜಾಗ. ಇರುವೆಗೆ ಸಿಕ್ಕಿದ್ದು ಕೊನೆಯ ನಂಬರ್, ಹಗ್ಗದ ಮನೆ.

ಹಗ್ಗದ ಮನೆ ಅವಳ ತಾತನದು. ಹಾಯಿ ಹಡಗುಗಳ ಕಾಲದಿಂದ ಅಲ್ಲಿ ಹಗ್ಗ ಹೊಸೆಯುತ್ತಿದ್ದರು. ನೈಲಾನ್ ಬಂದ ಮೇಲೆ ಕೇಳುವವರಿಲ್ಲದೆ ಬಾಗಿಲು ಮುಚ್ಚಿತ್ತು. ಈಗ ತಾತ ಅದನ್ನು ಗುಡಿಸಿ, ಚಕ್ರಕ್ಕೆ ಎಣ್ಣೆ ಬಿಟ್ಟು, ನಾರು ನೆನೆಸಿಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಗಿನಿಂದ ಕಾದು ಕೂತಿದ್ದರು.

"ಯಾರಾದ್ರೂ ಬರ್ತಾರೇನೇ?" ಎಂದು ಅವಳು ಹೊರಡುವ ಮುಂಚೆ ಐದು ಸಲ ಕೇಳಿದ್ದರು.

"ಬಂದೇ ಬರ್ತಾರೆ ತಾತ," ಎಂದು ಐದು ಸಲವೂ ಇರುವೆ ಹೇಳಿದ್ದಳು.

ದೋಣಿ ಕಟ್ಟುವ ಬಡಗಿ ಟೀ ಲೋಟ ಹಿಡಿದುಕೊಂಡು ಬಂದ. ಅವನ ಮುಖ ಮೊರದಗಲ ಆಗಿತ್ತು.

"ಕೇಳಿದ್ಯಾ ಇರುವೆ? ನಮ್ಮ ನೀಲಿ ದೋಣಿ ಬೆಳಗಿನ ಉಬ್ಬರಕ್ಕೆ ನೀರಿಗಿಳೀತು. ಎರಡು ವರ್ಷದ ರಿಪೇರಿ. ದೇವರು ದೊಡ್ಡವನು, ಒಂದು ತೊಟ್ಟು ನೀರು ಒಳಗೆ ಬರಲಿಲ್ಲ."

ಇರುವೆ ಸರ್ರನೆ ಅವನ ಕಡೆ ತಿರುಗಿದಳು. "ಎಲ್ಲಿಗೆ ಹೋಯ್ತು ಮಾಮ?"

"ಸಮುದ್ರಕ್ಕೆ. ದೋಣಿ ಇನ್ನೆಲ್ಲಿಗೆ ಹೋಗುತ್ತೆ, ಸಿನಿಮಾಕ್ಕಾ?"

ಇರುವೆ ಚೀಟಿ ಬಿಡಿಸಿ ನೋಡಿದಳು. ಅವಳೇ ಬರೆದ ಸಾಲು ಅಲ್ಲಿತ್ತು: 'ಮಗುಚಿ ಹಾಕಿದ ನೀಲಿ ದೋಣಿಯ ಎಡಕ್ಕಿರುವ ಓಣಿಗೆ ತಿರುಗಿ.'

"ಅಂಗಡಿ ಬೋರ್ಡು, ಬಾಗಿಲ ಬಣ್ಣ ಬರೀಬೇಡಿ. ನಾಳೆ ಬದಲಾಗುತ್ತೆ. ಅಲ್ಲಾಡದ ಗುರುತು ಹುಡುಕಿ," ಎಂದು ಟೀಚರ್ ಹೇಳಿದ್ದರು. ಇರುವೆ ಮೂರನೇ ಕ್ಲಾಸಿನಲ್ಲಿದ್ದಾಗಿನಿಂದ ಆ ದೋಣಿ ದಡದಲ್ಲೇ ಬಿದ್ದಿತ್ತು. ಅದರ ಮೇಲೆ ಜನ ಬಟ್ಟೆ ಒಣಗಿಸುತ್ತಿದ್ದರು. ಅದರಡಿಯಲ್ಲಿ ಬೆಕ್ಕು ಎರಡು ಸಲ ಮರಿ ಹಾಕಿತ್ತು. ಅದಕ್ಕಿಂತ ಅಲ್ಲಾಡದ ವಸ್ತು ಊರಿನಲ್ಲಿ ಯಾವುದಿದೆ ಎಂದುಕೊಂಡಿದ್ದಳು.

ದಡದಲ್ಲಿ ಒಂದೇ ಥರದ ಮೂರು ಓಣಿಗಳು. ಒಂದು ಐಸ್ ಫ್ಯಾಕ್ಟರಿಗೆ, ಒಂದು ಮೀನು ಮಾರ್ಕೆಟ್ಟಿನ ಹಿಂಬದಿಗೆ ಹೋಗುತ್ತಿತ್ತು. ಮೂರನೆಯದರ ತುದಿಯಲ್ಲಿ ತಾತ ಕೂತಿದ್ದರು.

ಉಳಿದ ಚೀಟಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಇರುವೆ ಹಿಂದಿನ ಬೀದಿಯಿಂದ ಓಡಿದಳು. ದಾರಿ ತಪ್ಪಿದವರನ್ನು ಹಿಡಿದು ಕರೆತಂದರೆ ಸಾಕು. ಐಸ್ ಫ್ಯಾಕ್ಟರಿಯ ಮುಂದೆ ಲಾರಿ ಮಾತ್ರ ಇತ್ತು. ಮಾರ್ಕೆಟ್ಟಿನ ಹಿಂದೆ ಬೆಕ್ಕುಗಳು ಮಾತ್ರ ಇದ್ದವು. ಹುಡುಕಿ ಬೇಸತ್ತು ಎಲ್ಲರೂ ಮನೆಗೆ ಹೋಗಿಬಿಟ್ಟಿರಬೇಕು. ಅವಳ ಕಣ್ಣು ತುಂಬಿ ಬಂತು. 'ದೇವರೇ, ಟೀಚರ್ ಎಷ್ಟು ಬೇಕಾದರೂ ಬೈಯಲಿ. ತಾತನಿಗೆ ಮಾತ್ರ ಬೇಜಾರಾಗದಿರಲಿ.'

ನಿಜ ಹೇಳಿಬಿಡೋಣ ಎಂದು ಹಗ್ಗದ ಮನೆಯ ಹಿತ್ತಲ ಬಾಗಿಲು ತಳ್ಳಿದಳು.

ಒಳಗೆ ಹದಿನಾಲ್ಕು ಜನ ಇದ್ದರು. ಪುಟ್ಟ ಹುಡುಗಿಯೊಬ್ಬಳು ನಾಲಿಗೆ ಕಚ್ಚಿಕೊಂಡು ಚಕ್ರ ತಿರುಗಿಸುತ್ತಿದ್ದಳು. ತಾತ ಸೊಂಟಕ್ಕೆ ನಾರು ಸುತ್ತಿಕೊಂಡು, ಒಂದೊಂದೇ ಹೆಜ್ಜೆ ಹಿಂದೆ ಇಡುತ್ತಿದ್ದರು. ಅವರ ಬೆರಳುಗಳ ನಡುವಿನಿಂದ ಉದ್ದನೆಯ ಎಳೆ ಹೊರಟಿತ್ತು.

"ಬೇಗ ಬೇಡ ತಾಯಿ, ಹಗ್ಗಕ್ಕೆ ಅವಸರ ಆಗಲ್ಲ," ಎನ್ನುತ್ತಿದ್ದರು ತಾತ. ಇಸ್ತ್ರಿ ಅಂಗಿಯ ತುಂಬ ನಾರಿನ ಪುಡಿ.

ಇರುವೆ ಪಕ್ಕದಲ್ಲಿದ್ದವರ ತೋಳು ಮುಟ್ಟಿದಳು. "ಅಂಕಲ್, ದೋಣಿ ಇರಲಿಲ್ವಲ್ಲ. ಹೇಗೆ ಬಂದ್ರಿ?"

ಅವರು ನಕ್ಕರು. "ಅಲ್ಲೊಬ್ಬರು ಅಜ್ಜಿ ಬಲೆ ಹೆಣೀತಾ ಕೂತಿದ್ದಾರೆ. ನಾವು ಸುತ್ತಮುತ್ತ ನೋಡ್ತಿದ್ವಿ. 'ನೀಲಿ ದೋಣಿ ಬೇಕಾ? ನಾನೇ ದೋಣಿ. ನನ್ನ ಎಡಕ್ಕೆ ತಿರುಗಿ' ಅಂದ್ರು."

ಇರುವೆ ಮುಂಬಾಗಿಲಿನಿಂದ ದಡಕ್ಕೆ ಓಡಿದಳು.

ಬಲೆ ಅಜ್ಜಿ ದಿನವೂ ಕೂರುವುದು ಉಗ್ರಾಣದ ಗೋಡೆಯ ನೆರಳಿನಲ್ಲಿ. ಇವತ್ತು ಅಲ್ಲಿರಲಿಲ್ಲ. ದೋಣಿ ಬಿದ್ದಿದ್ದ ಮರಳಿನ ಮೇಲೆ, ಉರಿಬಿಸಿಲಿನಲ್ಲಿ, ತಲೆಗೆ ಸೆರಗು ಹೊದ್ದು ಕೂತಿದ್ದರು. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

"ಅಜ್ಜೀ, ಇಲ್ಲಿ ಯಾಕೆ ಕೂತ್ರಿ?"

"ಮತ್ತೆ? ಮೊದಲು ಬಂದ ಗಂಡ ಹೆಂಡತಿ ಆ ಕಾಗದಾನ ಹೀಗೊಮ್ಮೆ ಹಾಗೊಮ್ಮೆ ತಿರುಗಿಸ್ತಾ ನಿಂತಿದ್ರು. ಏನು ಬರೆದಿದೆ ಓದಿ ಅಂದೆ. ಓದಿದ್ರು. ನಿಮ್ಮ ತಾತ ಬೆಳಗ್ಗೆ ಎಣ್ಣೆ ಡಬ್ಬಿ ಹಿಡ್ಕೊಂಡು ಹೋಗಿದ್ದು ನೋಡಿದ್ನಲ್ಲ. ಜನ ಬಂದ್ರಾ?"

"ಹದಿನಾಲ್ಕು ಜನ."

"ಸಾಕು ಬಿಡು, ದೇವರು ಕಳಿಸಿದ," ಎಂದು ಅಜ್ಜಿ ಹಲ್ಲಿನಿಂದ ದಾರ ಕಡಿದರು.

ಇರುವೆಗೆ ಥ್ಯಾಂಕ್ಸ್ ಎನ್ನಬೇಕೆನಿಸಿತು. ಬಿಸಿಲು ಬರುತ್ತಿದ್ದ ಕಡೆಗೆ ಹೋಗಿ ನಿಂತಳು. ಅವಳ ನೆರಳು ಗಿಡ್ಡ. ಅಜ್ಜಿಯ ತಲೆ ಮತ್ತು ಒಂದು ಭುಜ ಮುಚ್ಚುವಷ್ಟಿತ್ತು.

ದೂರದಲ್ಲಿ ಟೋಪಿಯ ಆಂಟಿ ಚೀಟಿ ನೋಡುತ್ತಾ ಬರುತ್ತಿದ್ದರು. ಅಜ್ಜಿ ಅವರಿಗೆ ಕಾಣಲಿ ಎಂದು ಕೈ ಎತ್ತಿದರು. ಇರುವೆ ಇನ್ನೊಂದು ಹೆಜ್ಜೆ ಹತ್ತಿರ ಸರಿದು ನಿಂತಳು.