ಹೊಲಿಗೆ ಬಿಚ್ಚುವ ದಿನ

"ಹೊಟ್ಟೆ ಮುಟ್ಟಿದ್ರೆ ಕಿರುಚ್ತೀನಿ ನೋಡಿ!"

ಈಜು ಕಲಿಸುವ ಟೀಚರಮ್ಮ ನೋವಿನಲ್ಲೂ ಹಾಗೆ ಗದರಿದಾಗ, ಎದುರಿಗಿದ್ದ ಸರ್ಜನ್ ನಕ್ಕುಬಿಟ್ಟ. ಆ ನಗು ಕಂಡು ಅವಳ ಎದೆ ಝಲ್ಲೆಂದಿತು. ಅಯ್ಯೋ, ಇದಕ್ಕೆ ಹೊತ್ತುಗೊತ್ತು ಬೇಡವೇ!

"ಅಪೆಂಡಿಕ್ಸ್ ಊದಿಕೊಂಡಿದೆ, ತೆಗೀಬೇಕು. ಸಣ್ಣ ತೂತು ಮಾಡಿ, ಕ್ಯಾಮೆರಾ ಇಟ್ಟು ತೆಗೀತೀವಿ. ನೋವು ಕಮ್ಮಿ, ಬೇಗ ಚೇತರಿಸ್ಕೋತೀರಿ. ಒಡೆದು ಕೀವು ಹರಡಿದ್ರೆ ಮಾತ್ರ ಹೊಟ್ಟೆ ಕೊಯ್ಯಬೇಕಾಗ್ಬಹುದು."

"ತೂತೇ ಸಾಕಪ್ಪಾ! ನೀರಿಗಿಳಿಯೋಕೆ ಮಕ್ಕಳು ಕಾಯ್ತಿದ್ದಾರೆ."

ಎಚ್ಚರವಾದಾಗ ಹೊಟ್ಟೆಯ ಮೇಲೆ ಉದ್ದನೆಯ ಪಟ್ಟಿ!

"ತೂತು ಅಂತ ಹೇಳಿ ಕೈಕೊಟ್ರಲ್ಲ!" ಎಂದು ರೇಗಿದಳು.

"ಒಡೆದುಹೋಗಿತ್ತು... ಬೇರೆ ದಾರಿ ಇರಲಿಲ್ಲ," ಎಂದ ಅವನು ಮೆಲ್ಲಗೆ.

ಅವನು ಅತ್ತ ಹೋಗುತ್ತಲೇ ಮಂಚದ ಪಕ್ಕ ಕೂತಿದ್ದ ಅವಳ ಅಮ್ಮ ಗದರಿದಳು. "ಜೀವ ಉಳಿಸಿದೋರಿಗೆ ಹೀಗನ್ನೋದಾ? ಮೊದಲು ನಿನ್ನ ನಾಲಿಗೆಗೆ ಆಪರೇಷನ್ ಮಾಡಿಸ್ಬೇಕಿತ್ತು!"

ಆದರೂ ಅವನು ದಿನವೂ ಬಂದ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯುವುದನ್ನು ಕಲಿಸಿದ, ಮೊದಲ ಹೆಜ್ಜೆ ಇಡಿಸಿದ. ಅವಳ ಕೋಪ ಬೆಣ್ಣೆಯಂತೆ ಕರಗಿತು. ನಾಳೆ ಬಂದಾಗ ಕ್ಷಮೆ ಕೇಳಬೇಕು ಎಂದುಕೊಂಡಳು.

ಮರುದಿನ ಅವನು ಬರಲಿಲ್ಲ. ಬದಲಿಗೆ ಹಿರಿಯ ಡಾಕ್ಟರಮ್ಮ ಬಂದರು. ಆಮೇಲೂ ಅವರೇ.

'ಬಾಯಿಗೆ ಬಂದಂತೆ ಬೈದು ಓಡಿಸಿಬಿಟ್ಟೆನಲ್ಲ...' ಎಂದು ಹೊದಿಕೆಯೊಳಗೇ ಅತ್ತಳು.

ಹೊಲಿಗೆ ಬಿಚ್ಚುವ ದಿನ ತಡೆಯಲಾಗಲಿಲ್ಲ. "ಡಾಕ್ಟರ್, ಅವರಿಗೆ... ನನ್ನ ಮೇಲೆ ಕೋಪಾನಾ?"

ಡಾಕ್ಟರಮ್ಮ ಕೊನೆಯ ದಾರ ಎಳೆದು ನಕ್ಕರು. "ನಿನ್ನನ್ನ ನನಗೆ ಒಪ್ಪಿಸಿದ್ದು ಅವನೇ. ಯಾಕೆ ಅಂತ ಅವನನ್ನೇ ಕೇಳು. ರಜೆ ಹಾಕಿ ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ. ಗಾಯ ಮಾಗಿದೆ, ಇನ್ನು ನೀನು ನಮ್ಮ ಪೇಷಂಟ್ ಅಲ್ಲ, ಹೋಗಮ್ಮ!"

ಅವಳನ್ನು ಕಂಡದ್ದೇ ಅವನು ತಡಬಡಿಸಿ ಎದ್ದ.

"ಯಾಕ್ರೀ ಬಿಟ್ಟು ಹೋದ್ರಿ?" ಎಂದು ಕೇಳಿಯೇಬಿಟ್ಟಳು.

"ಗಾಯ ನೋಡೋಕೆ ಬರ್ತಿದ್ದೆ... ಬರ್ತಾ ಬರ್ತಾ ಗಾಯ ಬರೀ ನೆಪ ಆಯ್ತು. ಮನಸ್ಸಲ್ಲಿ ಅಂಥದ್ದಿಟ್ಕೊಂಡು ನಿಮ್ಮ ಡಾಕ್ಟರಾಗಿ ಹೇಗಿರಲಿ? ಪೇಷಂಟ್ ಹತ್ರ ಹೇಳೋಹಾಗೂ ಇಲ್ಲ."

"ಈಗ ಹೇಳ್ಬಹುದಲ್ಲ..."

"ನೀವಂದ್ರೆ ನನಗೆ ತುಂಬಾ ಇಷ್ಟ!"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ನಗಿಸ್ಬೇಡಿ ರೀ, ನೋಯುತ್ತೆ!"

"ಎಲ್ಲಿ? ಯಾವ ಕಡೆ?" ಎಂದು ಅವನು ಗಾಬರಿಯಾದ.

"ನೋಡಿ, ಮತ್ತೆ ಡಾಕ್ಟರಾದ್ರಿ!" ಎನ್ನುತ್ತಾ ಅವನ ಕೈ ಹಿಡಿದಳು. "ನನಗೂ ನೀವಂದ್ರೆ ಇಷ್ಟ. ಮನೆತನಕ ಬನ್ನಿ... ನಿಧಾನಕ್ಕೆ ನಡೀರಿ, ದಾರಿ ಬೇಗ ಮುಗಿಯೋದು ಬೇಡ."